ಸಾಯಂಕಾಲದ ಮೂರು ಗಂಟೆ ಯಾರ ಅಪ್ಪನ ಸೊತ್ತು?

ಹಾಸ್ಟೆಲ್ ಗೆಳೆಯರೇ,

ದೊಡ್ಡಮಳೂರಿನ ಮೇಲೆ ನಿಮ್ಮಲ್ಲಿ ಎಷ್ಟೋ ಜನ ಬಸ್ಸಿನಲ್ಲಿ ಹಾದು ಹೋಗಿದ್ದೀರಿ. ಚನ್ನಪಟ್ಟಣ ದಾಟಿ ಮೈಸೂರಿನ ಕಡೆ ಹೊರಟರೆ ಹಳೇ ಹೆದ್ದಾರಿಯ ಮಗ್ಗುಲಲ್ಲೇ ಸಿಗುತ್ತದೆ. ಅಲ್ಲಿ ಅಪ್ರಮೇಯ ಸ್ವಾಮಿಯ ಗುಡಿ ಇದೆ, ಗುಡಿಯೊಳಗೆ ಅಂಬೆಗಾಲು ಕೃಷ್ಣ ಇದ್ದಾನೆ. ಮಕ್ಕಳಿಲ್ಲದ ದಂಪತಿಗಳು ಎಲ್ಲೆಲ್ಲಿಂದಲೋ ಬಂದು ಹರಕೆ ಹೊರುತ್ತಾರೆ. ಮಗು ಆದವರು ತೊಟ್ಟಿಲು ತಂದು ಒಪ್ಪಿಸುತ್ತಾರೆ. ತಾಯಿ ಮಗುವನ್ನು ಆಡಿಸುವ ಹಾಡನ್ನು ಪುರಂದರದಾಸರು ಕಟ್ಟಿದ್ದು ಇದೇ ದೇವರನ್ನು ಕಂಡು ಅಂತ ಪ್ರತೀತಿ. ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರ್ ಹಿಂದಕ್ಕೆ ಬಂದರೆ ಚನ್ನಪಟ್ಟಣ. ಆಲೆ ಮರ ಕಡೆದು, ಅರಗಿನ ಬಣ್ಣ ಹಾಕಿ, ಲೋಕದ ಮಕ್ಕಳಿಗೆಲ್ಲ ಬೊಂಬೆ ಮಾಡಿ ಕಳಿಸುವ ಪಟ್ಟಣ. ಮಗು, ಮಗುವಿನ ಆಟ, ಮಗುವಿನ ಬೊಂಬೆ ಇವುಗಳ ಹೆಸರಿನಲ್ಲಿ ಇಷ್ಟು ಖ್ಯಾತಿ ಪಡೆದ ಸೀಮೆ ಕರ್ನಾಟಕದಲ್ಲಿ ಇನ್ನೊಂದು ಇದ್ದಂಗಿಲ್ಲ.

ಹರಕೆ ಹೊರುವವರ ಬಗ್ಗೆ ನನಗೆ ತಕರಾರಿಲ್ಲ. ಮಗು ಬೇಕು ಅನ್ನೋ ಸಂಕಟ ಯಾರದಾದರೂ ಸಂಕಟವೇ. ನನ್ನ ಪ್ರಶ್ನೆ ಬೇರೆ. ದೇವರ ಮಗು ಅಂಬೆಗಾಲಿನಲ್ಲೇ ಇದೆ, ಸಾವಿರ ವರ್ಷ ಆದರೂ ಎದ್ದು ನಿಲ್ಲೋದಿಲ್ಲ, ಶಾಲೆಗೆ ಹೋಗೋದಿಲ್ಲ. ಕೇರಿಯ ಮಗು ಎದ್ದು ನಿಲ್ಲುತ್ತದೆ, ಶಾಲೆಗೆ ಹೋಗುತ್ತದೆ, ಸಾಯಂಕಾಲ ನಾಲ್ಕೂವರೆಗೆ ಶಾಲೆ ಬಿಡುತ್ತದೆ. ಆಮೇಲೆ?

ಈಚೆಗೆ ಒಂದು ಸಂಜೆ ಅಲ್ಲಿ ಬಸ್ಸಿಗೆ ಕಾಯ್ತಾ ಕೂತಿದ್ದೆ. ಶಾಲೆ ಬಿಟ್ಟು ಹೈಕಳು ಬಂದರು. ಎಲ್ಲರ ಮೈಮೇಲೂ ಯೂನಿಫಾರಂ. ರಸ್ತೆ ತನಕ ಒಟ್ಟಿಗೆ ಬಂದರು. ಅಲ್ಲಿಂದ ಚೆದುರಿದರು. ಒಬ್ಬ ಹುಡುಗನನ್ನು ಒಂದು ಸ್ಕೂಟರ್ ಬಂದು ಹತ್ತಿಸಿಕೊಂಡು ಹೋಯಿತು, ಚನ್ನಪಟ್ಟಣಕ್ಕೆ, ಅಬಾಕಸ್ ಕ್ಲಾಸಿಗೆ. ಇನ್ನೊಬ್ಬನನ್ನು ಕೇಳಿದೆ, "ಈಗೇನ್ ಮಾಡೀಯಪ್ಪ?" "ಕುರಿ ಹೊಡ್ಕಂಡ್ ಬರಬೇಕು." ಒಬ್ಬ ಹುಡುಗಿ, ಐದೋ ಆರೋ ಕ್ಲಾಸಿರಬೇಕು, ನಿಲ್ಲಲೇ ಇಲ್ಲ. ನಡೀತಾನೇ ಅಂದಳು: "ತಮ್ಮನ್ನ ಎತ್ಕಬೇಕು, ಅವ್ವ ಗಾರ್ಮೆಂಟ್ಸಿಂದ ಬರೋದು ಎಂಟಾಯ್ತದೆ."

ಒಂದೇ ತರಗತಿ, ಒಂದೇ ಮೇಷ್ಟ್ರು, ಒಂದೇ ಬಿಸಿಯೂಟ. ನಾಲ್ಕೂವರೆಗೆ ಗಂಟೆ ಹೊಡೆಯಿತು ನೋಡಿ, ಮನು ಮಹಾಶಯ ಬಸ್ ಸ್ಟಾಪಿನಲ್ಲಿ ನಿಂತು ದಾರಿ ತೋರಿಸಿದ: ನೀನು ಅಬಾಕಸ್ಸಿಗೆ, ನೀನು ಕುರಿಗೆ, ನೀನು ಒಲೆಗೆ.

ಲೆಕ್ಕ ಹಾಕೋಣ. ಲೆಕ್ಕ ಅಂದರೆ ನಮ್ಮವರು ಹೆದರುತ್ತಾರೆ, ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಬರೆದಿದೆ: ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಸಾಯಂಕಾಲ ನಾಲ್ಕೂವರೆಯಿಂದ ಏಳೂವರೆ, ಮೂರು ಗಂಟೆ. ಇನ್ನೂರು ದಿನಕ್ಕೆ ಆರುನೂರು ಗಂಟೆ. ಅಂದರೆ ಸರ್ಕಾರ ಸಣ್ಣ ಮಗುವಿಗೆ ಕೊಡುವ ಶಾಲೆಯ ಮುಕ್ಕಾಲು ಪಾಲಿನಷ್ಟು ಇನ್ನೊಂದು ಶಾಲೆ ಸಂಜೆ ಹೊತ್ತಿನಲ್ಲಿ ನಡೀತಾ ಇದೆ. ಕಾಸಿದ್ದವನ ಮಗು ಎರಡೂ ಶಾಲೆಗೆ ಹೋಗುತ್ತದೆ. ನಮ್ಮ ಮಗು ಒಂದಕ್ಕೆ ಮಾತ್ರ ಹೋಗುತ್ತದೆ. ಹತ್ತು ವರ್ಷ ಹೀಗೆ ನಡೆದ ಮೇಲೆ ಎಸ್ಸೆಸ್ಸೆಲ್ಸಿಯಲ್ಲಿ ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದುತ್ತಾರೆ. ಸೋತ ಮಗುವಿಗೆ ಮೆರಿಟ್ ಇಲ್ಲ ಅನ್ನುತ್ತಾರೆ. ಗೆದ್ದ ಮಗುವಿನ ಅಪ್ಪ ಮೀಸಲಾತಿ ಯಾಕೆ ಬೇಕು ಅಂತ ಪತ್ರಿಕೆಗೆ ಕಾಗದ ಬರೀತಾನೆ.

ಈ ಮೂರು ಗಂಟೆಯ ಬಗ್ಗೆ ಕಾನೂನು ಏನು ಹೇಳುತ್ತೆ ಗೊತ್ತೇನ್ರಪ್ಪ? ಗೊತ್ತಿಲ್ಲದಿದ್ದರೆ ಕೇಳಿಸಿಕೊಳ್ಳಿ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದರು. ಹದಿನಾಲ್ಕರ ಒಳಗಿನ ಮಗುವನ್ನು ಯಾವ ಕೆಲಸಕ್ಕೂ ಹಚ್ಚಬಾರದು ಅಂದರು. ನಾವು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಬಾಲ ಹಚ್ಚಿದರು: ಕುಟುಂಬಕ್ಕೆ, ಕುಟುಂಬದ ಉದ್ದಿಮೆಗೆ ನೆರವಾಗೋದಾದರೆ ಪರವಾಗಿಲ್ಲ, ಅಪಾಯದ ಕೆಲಸ ಆಗಿರಬಾರದು, ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾಡಬಹುದು. ಶಾಲೆಯ ಹೊತ್ತು ಮುಗಿದ ಮೇಲೆ! ಈ ದೇಶದ ಪಾರ್ಲಿಮೆಂಟು ಬಡ ಮಗುವಿನ ಸಾಯಂಕಾಲವನ್ನು ಕುರಿತು ಕೂತು ಯೋಚನೆ ಮಾಡಿ ಹೇಳಿದ ಮಾತು ಇದು. ಓದಲಿ ಅನ್ನಲಿಲ್ಲ, ಆಡಲಿ ಅನ್ನಲಿಲ್ಲ, ದುಡಿಯಲಿ ಅಂತು. ಕುಲಕಸುಬು ಉಳೀಬೇಕು ಅನ್ನೋರು ಸಮರ್ಥನೆ ಕೊಟ್ಟರು. ಯಾರ ಕುಲ, ಯಾರ ಕಸುಬು? ಪುರೋಹಿತರ ಮಗು ಸಂಜೆ ಮಂತ್ರ ಕಲಿತರೆ ಅದು ಶಿಕ್ಷಣ. ಚಮ್ಮಾರನ ಮಗು ಸಂಜೆ ಉಳಿ ಹಿಡಿದರೆ ಅದು ನೆರವು.

ನಮ್ಮ ರೇಷ್ಮೆ ಸೀಮೆಗೆ ಇದು ಹೊಸ ಕಥೆಯೂ ಅಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯ ಬಗ್ಗೆ ದೊಡ್ಡ ದೊಡ್ಡವರು ಹೆಮ್ಮೆಪಡುತ್ತಾರೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಅನ್ನೋ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳ ಮೇಲೆ ವರದಿ ತಂದಾಗ ಕರ್ನಾಟಕದ ಹೆಸರು ಅದರಲ್ಲಿ ದಪ್ಪಕ್ಷರದಲ್ಲೇ ಇತ್ತು. ಬಿಸಿನೀರಿನ ಬೋಗುಣಿಗೆ ಕೈ ಅದ್ದಿ ನೂಲು ಬಿಚ್ಚಿದ ಕೈಗಳು ದಲಿತರ ಮಕ್ಕಳವು, ಮುಸ್ಲಿಮರ ಮಕ್ಕಳವು. ಅಂದು ಹಗಲೆಲ್ಲ ದುಡಿಸುತ್ತಿದ್ದರು. ಈಗ ಹಗಲು ಶಾಲೆಗೆ, ಸಂಜೆ ಮನೆಯ ರಾಟೆಗೆ. ಕಾನೂನಿನ ಪುಸ್ತಕ ಚೊಕ್ಕಟವಾಯಿತು.

ಇನ್ನು ನಮ್ಮ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಸರ್ಕಾರ ಏನಾದರೂ ಕೊಟ್ಟಾಗ ಅದಕ್ಕೆ ಇಡೋ ಹೆಸರು ನೋಡಿ. ಪರಿಹಾರ ಬೋಧನೆ. ಪರಿಹಾರ ಅನ್ನೋ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ಬೆಳೆ ಹೋದಾಗ, ಮನೆ ಸುಟ್ಟಾಗ, ದೌರ್ಜನ್ಯ ನಡೆದಾಗ. ಅಂದರೆ ನಮ್ಮ ಮಗು ಒಂದು ನಷ್ಟ, ಅದಕ್ಕೆ ಪರಿಹಾರ. ಮೇಲಿನವರ ಮಗು ಸಂಜೆ ಚೆಸ್ ಆಡುತ್ತೆ, ಗಿಟಾರ್ ನುಡಿಸುತ್ತೆ, ಈಜುತ್ತೆ, ರೋಬೋ ಜೋಡಿಸುತ್ತೆ. ಅದಕ್ಕೆ ವ್ಯಕ್ತಿತ್ವ ವಿಕಸನ ಅಂತ ಹೆಸರು. ನಮ್ಮ ಮಗುವಿಗೆ ಕಾಗುಣಿತ ಮತ್ತು ಕಳೆಯುವ ಲೆಕ್ಕ, ಮತ್ತೆ ಕಾಗುಣಿತ ಮತ್ತು ಕಳೆಯುವ ಲೆಕ್ಕ. ಕಾಗುಣಿತ ಬೇಡ ಅಂತ ಯಾವನೂ ಹೇಳಲ್ಲ. ಬೇಕೇ ಬೇಕು. ಆದರೆ ದಿನವಿಡೀ ತಪ್ಪು ತಪ್ಪು ಅನ್ನಿಸಿಕೊಂಡು ಬಂದ ಮಗುವನ್ನು ಸಂಜೆಯೂ ಕೂರಿಸಿಕೊಂಡು ನಿನ್ನ ತಪ್ಪು ತಿದ್ದುತ್ತೀನಿ ಬಾ ಅಂದರೆ ಅದು ಕುರಿ ಹೊಡ್ಕಂಡು ಬರೋದೇ ವಾಸಿ ಅಂದುಕೊಳ್ಳುತ್ತೆ. ನಾನೂ ಅಂದುಕೊಂಡಿದ್ದೆ.

ಬಾಬಾ ಸಾಹೇಬರ ಜೀವನವನ್ನು ಏಪ್ರಿಲ್ 14ಕ್ಕೆ ಭಾಷಣ ಮಾಡೋರು ಬೀದಿ ದೀಪದ ಕಥೆ ಮಾಡಿಬಿಟ್ಟಿದ್ದಾರೆ. ಬಡತನದಲ್ಲೂ ಓದಿದರು, ನೀವೂ ಓದಿ, ಚಪ್ಪಾಳೆ. ನಡೆದಿದ್ದನ್ನು ಸರಿಯಾಗಿ ನೋಡಿ. ಮುಂಬಯಿಯ ಪರೇಲಿನಲ್ಲಿ ಚಾಳಿನ ಒಂದೇ ಕೋಣೆ. ಅಡುಗೆ, ನಿದ್ದೆ, ಸೌದೆ, ಬೀಸುವ ಕಲ್ಲು ಎಲ್ಲ ಅಲ್ಲೇ. ಹುಡುಗನಿಗೆ ಓದೋಕೆ ಜಾಗ ಇಲ್ಲ ಅಂತ ಅಪ್ಪ ರಾಮಜಿ ಸಂಜೆಯೇ ಮಲಗಿಸಿ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗ ಚರ್ನಿ ರೋಡಿನ ಉದ್ಯಾನದಲ್ಲಿ ಕೂತು ಓದುತ್ತಿದ್ದ. ಅಲ್ಲಿ ಅವನನ್ನು ಕಂಡವರು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅನ್ನೋ ಮೇಷ್ಟ್ರು. ಪುಸ್ತಕ ಕೊಟ್ಟರು, ಮಾತಾಡಿಸಿದರು. 1907ರಲ್ಲಿ ಆತ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ 1956ರ ನಾಗಪುರ ಗೊತ್ತಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಉದ್ಯಾನ, ಒಂದು ಬೆಂಚು, ಶಾಲೆ ಬಿಟ್ಟ ಮೇಲಿನ ಹೊತ್ತು, ಕಣ್ಣೆತ್ತಿ ನೋಡಿದ ಒಬ್ಬ ಮೇಷ್ಟ್ರು. ಆ ಉದ್ಯಾನಕ್ಕೆ ಬಾಗಿಲು ಹಾಕಿದ್ದಿದ್ದರೆ?

ನಮ್ಮ ಜಿಲ್ಲೆಯ ಕವಿಯನ್ನೇ ತಗೊಳ್ಳಿ. ಮಾಗಡಿ ತಾಲ್ಲೂಕು ಮಂಚನಬೆಲೆಯ ಸಿದ್ಧಲಿಂಗಯ್ಯ. ಬೆಂಗಳೂರು ಶ್ರೀರಾಮಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದವರು. ಸ್ಮಶಾನದಲ್ಲಿ ಕೂತು ಓದಿಕೊಳ್ಳುತ್ತಿದ್ದುದನ್ನು ತಾವೇ ನಗುನಗುತ್ತಾ ಹೇಳಿಕೊಂಡಿದ್ದಾರೆ. ನಾವೂ ಕೇಳಿ ನಕ್ಕಿದ್ದೇವೆ. ನಗುವಂಥದ್ದೇನಿದೆ? ಅವರಿಗೊಂದು ಉದ್ಯಾನ, ಇವರಿಗೊಂದು ಸ್ಮಶಾನ. ಇಬ್ಬರೂ ಗೆದ್ದರು. ಜಾಗ ಸಿಗದೆ ಸೋತವರ ಪಟ್ಟಿ ಯಾರ ಹತ್ತಿರ ಇದೆ?

ಬಾಬಾ ಸಾಹೇಬರು ತಾವು ಪಟ್ಟ ಪಾಡನ್ನು ಆದರ್ಶ ಮಾಡಲಿಲ್ಲ, ಅದನ್ನು ಗಮನಿಸಬೇಕು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರು ವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ಶುರುವಾಯಿತು. ವಾಚನಾಲಯ ಬಂತು, ಹುಡುಗರೇ ಸೇರಿ ನಡೆಸುವ ಪತ್ರಿಕೆ ಬಂತು. ಮುಂಬಯಿಯಲ್ಲಿ ಏನು ಮಾಡಿದರು ಗೊತ್ತೇ? ಮಹಾರ್ ಹುಡುಗರಿಗೆ ಹಾಕಿ ಕ್ಲಬ್ಬು! ಹೌದು, ಹಾಕಿ. ಸಂಜೆ ಹೊತ್ತು ಜೂಜು, ಕುಡಿತದ ಕಡೆ ಹುಡುಗರು ಹೋಗದೆ ಇರಲಿ ಅಂತ. ಹೊಟ್ಟೆಗಿಲ್ಲದವರಿಗೆ ಹಾಕಿ ಯಾಕೆ ಅಂತ ಕೇಳುವವರು ಆಗಲೂ ಇದ್ದಿರಬೇಕು. ಈಗಲೂ ಇದ್ದಾರೆ, ನಮ್ಮೊಳಗೇ ಇದ್ದಾರೆ.

ಈಗ ಸರ್ಕಾರದ ಕಡೆ ಬರೋಣ. ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ಸುಳ್ಳು ಹೇಳಿ ಗೆಲ್ಲೋದು ನಮಗೆ ಬೇಡ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಜವಾಹರ್ ಬಾಲ ಭವನ ಇದೆ. ಪುಟಾಣಿ ರೈಲಿದೆ, ಚಿತ್ರಕಲೆ ಇದೆ, ನಾಟಕ ಇದೆ. ಇಲ್ಲಿಂದ ಅರವತ್ತು ಕಿಲೋಮೀಟರ್. ಇನ್ನೊಂದು ದಿಕ್ಕಿಗೆ ಮೈಸೂರಿನ ರಂಗಾಯಣ, ಅಲ್ಲಿ ಬೇಸಿಗೆಯ ಚಿಣ್ಣರ ಮೇಳ. ಒಳ್ಳೇ ಕೆಲಸ. ಅದೂ ದೂರ, ಅದಕ್ಕೂ ಶುಲ್ಕ, ವರ್ಷಕ್ಕೊಂದು ಸಲ. ಎರಡು ದೊಡ್ಡ ಊರುಗಳ ನಡುಮಧ್ಯೆ ನಮ್ಮ ಮಕ್ಕಳು. 2023ರ ಮಾರ್ಚಿನಲ್ಲಿ ಹತ್ತು ಪಥದ ಹೆದ್ದಾರಿ ಉದ್ಘಾಟನೆ ಆಯಿತಲ್ಲ, ರಾಮನಗರಕ್ಕೂ ಬೈಪಾಸು, ಚನ್ನಪಟ್ಟಣಕ್ಕೂ ಬೈಪಾಸು. ವಿದ್ಯೆಯ ವಿಷಯದಲ್ಲಿ ಆ ಬೈಪಾಸು ಯಾವಾಗಲೋ ಆಗಿತ್ತು. ಜಿಲ್ಲೆಯ ಹೆಸರನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಬದಲಾಯಿಸಿದರು. ಹೆಸರು ಬೆಂಗಳೂರಾದರೆ ಬಾಲ ಭವನ ಹತ್ತಿರ ಆಗುತ್ತದೆಯೇ ಸ್ವಾಮಿ?

ಕೊರೊನಾ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ವಿದ್ಯಾಗಮ ಅಂತ ಮಾಡಿದರು. ಮೇಷ್ಟ್ರುಗಳೇ ಊರೊಳಗೆ ಬಂದು ಜಗಲಿ ಮೇಲೆ, ಮರದ ಕೆಳಗೆ, ಗುಡಿಯ ಅಂಗಳದಲ್ಲಿ ಪಾಠ ಹೇಳಿದರು. ಸೋಂಕು ಹರಡುತ್ತೆ ಅಂತ ಅಕ್ಟೋಬರಿನಲ್ಲಿ ನಿಲ್ಲಿಸಿದರು, ಆಮೇಲೆ ಬೇರೆ ರೂಪದಲ್ಲಿ ಬಂತು. ಅದರ ಆರೋಗ್ಯದ ತಕರಾರು ಇರಲಿ. ಆ ಎರಡು ತಿಂಗಳಲ್ಲಿ ಒಂದು ಸತ್ಯ ಹೊರಗೆ ಬಿತ್ತು: ಮನಸ್ಸು ಮಾಡಿದರೆ ಸರ್ಕಾರದ ಮೇಷ್ಟ್ರು ಮಗು ಇರುವಲ್ಲಿಗೇ ಬರಬಹುದು. ಇನ್ನೊಂದು ಪ್ರಶ್ನೆಯೂ ಎದ್ದಿತು, ಯಾರೂ ಜೋರಾಗಿ ಕೇಳಲಿಲ್ಲ: ಜಗಲಿ ಯಾರದು? ಗುಡಿಯ ಅಂಗಳ ಯಾರದು?

ಆಮೇಲೆ ಗ್ರಾಮ ಪಂಚಾಯತಿ ಗ್ರಂಥಾಲಯಗಳು. 2019ರಲ್ಲಿ ಇವನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಶುರುವಾಗಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಬಂತು. ಹೆಸರೂ ಅರಿವು ಕೇಂದ್ರ ಅಂತಾಯಿತು. ರಾಜ್ಯದಲ್ಲಿ ಐದು ಸಾವಿರಕ್ಕೂ ಮೀರಿ ಇವೆ. ಕಂಪ್ಯೂಟರ್ ಬಂದಿದೆ, ಗೋಡೆಗೆ ಬಣ್ಣ ಬಂದಿದೆ, ಚೆಸ್ ಬೋರ್ಡು ಬಂದಿದೆ. ಇದು ಒಳ್ಳೇದು, ಬಾಯಿಬಿಟ್ಟು ಹೇಳೋಣ. ನಮ್ಮ ಕಾಲದಲ್ಲಿ ಪಂಚಾಯ್ತಿ ಗ್ರಂಥಾಲಯ ಅಂದರೆ ಹಳೇ ಪೇಪರು ಮತ್ತು ಬೀಡಿ ಹೊಗೆ. 2023ರಲ್ಲಿ 'ಕೂಸಿನ ಮನೆ' ಅಂತ ನಾಲ್ಕು ಸಾವಿರ ಪಂಚಾಯತಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಗಾರರ ಕೂಸುಗಳನ್ನು ನೋಡಿಕೊಳ್ಳುವ ಯೋಜನೆಯೂ ಬಂತು. ತಮ್ಮನ್ನ ಎತ್ಕಬೇಕು ಅಂದ ಆ ಹುಡುಗಿಗೆ ಇದರಿಂದ ಕಂಕುಳು ಖಾಲಿಯಾಗಬೇಕಿತ್ತು. ಆದರೆ ಅವಳ ಅವ್ವ ಹೋಗೋದು ಗಾರ್ಮೆಂಟ್ಸಿಗೆ, ಬರೋದು ಎಂಟಕ್ಕೆ.

ಈಗ ನೀವೇ ಹೋಗಿ ನೋಡಬೇಕಾದ ವಿಷಯ. ನಾನು ಕಂಡ ಒಂದು ಊರು, ಹೆಸರು ಹೇಳಲ್ಲ, ಅಲ್ಲಿ ಅರಿವಿನ ಕೇಂದ್ರ ಇದೆ. ಡೇರಿ ಪಕ್ಕ, ಗುಡಿ ಎದುರು, ಊರಿನ ನಟ್ಟ ನಡುವೆ. ತೆರೆದಿರುವ ಹೊತ್ತಿನಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ, ಮಕ್ಕಳು ಶಾಲೆ ಬಿಟ್ಟು ಬರೋ ಹೊತ್ತಿಗೆ ಬೀಗ. ನೋಡಿಕೊಳ್ಳುವವನನ್ನು ದೂರಿ ಏನು ಪ್ರಯೋಜನ? ಅವನಿಗೆ ಸಂಬಳ ಅಂತಿರಲಿಲ್ಲ, ಗೌರವಧನ ಅಂತಿತ್ತು. ನಮ್ಮ ದೇಶದಲ್ಲಿ ಕೂಲಿ ಸರಿಯಾಗಿ ಕೊಡೋಕೆ ಮನಸ್ಸಿಲ್ಲದ ಕಡೆಯಲ್ಲೆಲ್ಲ ಗೌರವ ಕೊಡುತ್ತಾರೆ. ಕೇರಿಯಿಂದ ಆ ಕಟ್ಟಡಕ್ಕೆ ಐನೂರು ಹೆಜ್ಜೆ ಇದ್ದೀತು. ಆ ಐನೂರು ಹೆಜ್ಜೆಯಲ್ಲಿ ಎರಡು ಜಗಲಿ, ಒಂದು ಅರಳಿಕಟ್ಟೆ. ಜಗಲಿ ಮೇಲೆ ಕೂತವರು "ಏನ್ಲಾ, ಎತ್ತ ಹೊಂಟೆ?" ಅಂತಾರೆ. ಬೈಯೋದಿಲ್ಲ, ಹೊಡೆಯೋದಿಲ್ಲ, ಬರೀ ಕೇಳ್ತಾರೆ. ಎಂಟು ವರ್ಷದ ಹುಡುಗಿಗೆ ಅಷ್ಟು ಸಾಕು. ಎರಡನೇ ದಿನ ಅವಳು ಹೋಗೋದಿಲ್ಲ. ಮೂರನೇ ತಿಂಗಳು ವರದಿ ಬರೀತಾರೆ: ಪರಿಶಿಷ್ಟ ಜಾತಿಯ ಮಕ್ಕಳಲ್ಲಿ ಓದುವ ಆಸಕ್ತಿ ಕಡಿಮೆ.

ಆದ್ದರಿಂದ ನನ್ನ ಮಾತು ಇಷ್ಟೆ. ಕೇಂದ್ರ ಕೇರಿಯಲ್ಲಿ ಇರಬೇಕು. ಶಾಲೆ ಬಿಟ್ಟ ಕ್ಷಣದಿಂದ ಅವ್ವ ಮನೆಗೆ ಬರೋ ತನಕ ತೆರೆದಿರಬೇಕು. ನಡೆಸುವವರಿಗೆ ಸಂಬಳ ಇರಬೇಕು. ತಮ್ಮ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬಂದ ಹುಡುಗಿಯನ್ನು ಕೂಸಿನ ಸಮೇತ ಒಳಗೆ ಬಿಟ್ಟುಕೊಳ್ಳಬೇಕು. ಮಧ್ಯಾಹ್ನದ ಊಟ ಆದ ಮೇಲೆ ರಾತ್ರಿಯ ಮುದ್ದೆ ತನಕ ಬರಿಹೊಟ್ಟೆ, ಆದ್ದರಿಂದ ಒಂದು ಹಿಡಿ ಕಡಲೆಯೋ ಮೊಟ್ಟೆಯೋ ಇರಬೇಕು. ಅಲ್ಲಿ ಲೆಕ್ಕವೂ ಇರಲಿ, ತಮಟೆಯೂ ಇರಲಿ, ಇಂಗ್ಲಿಷೂ ಇರಲಿ, ಕೇರಂ ಬೋರ್ಡೂ ಇರಲಿ. ಚನ್ನಪಟ್ಟಣದ ಬೊಂಬೆ ಜಪಾನಿನ ಮಗುವಿಗೆ ಸಿಗೋದಾದರೆ ಚನ್ನಪಟ್ಟಣದ ಕೇರಿಯ ಮಗುವಿಗೂ ಸಿಗಲಿ.

ಇದು ಆಗದ ಮಾತೇನಲ್ಲ. ಪಕ್ಕದ ಕೇರಳದಲ್ಲಿ ಪರಿಶಿಷ್ಟ ಜಾತಿ ಅಭಿವೃದ್ಧಿ ಇಲಾಖೆ 'ಪಠನಮುರಿ' ಅಂತ ಒಂದು ಯೋಜನೆ ತಂದಿತು. ದಲಿತ ವಿದ್ಯಾರ್ಥಿಯ ಮನೆಗೆ ಅಂಟಿಕೊಂಡಂತೆ 120 ಚದರ ಅಡಿಯ ಓದುವ ಕೋಣೆ ಕಟ್ಟಿಕೊಳ್ಳಲು ಎರಡು ಲಕ್ಷ ರೂಪಾಯಿ. ಮೇಜು, ಕುರ್ಚಿ, ದೀಪ, ಪುಸ್ತಕದ ಕಪಾಟು. ಪರೇಲಿನ ಆ ಒಂದೇ ಕೋಣೆಗೆ ನೂರು ವರ್ಷ ಆದ ಮೇಲೆ ಬಂದ ಉತ್ತರ ಇದು. ಆದಿವಾಸಿ ಹಾಡಿಗಳಲ್ಲಿ 'ಸಾಮೂಹ್ಯ ಪಠನಮುರಿ', ಅಂದರೆ ಎಲ್ಲ ಮಕ್ಕಳಿಗೂ ಸೇರಿ ಒಂದು ಓದುಮನೆ. ಅದನ್ನು ನಡೆಸೋಕೆ ಅದೇ ಸಮುದಾಯದ ಓದಿದ ಯುವಕ ಯುವತಿ, ಮಕ್ಕಳಿಗೆ ತಿಂಡಿ. ತಮಿಳುನಾಡು 2021ರ ಅಕ್ಟೋಬರಿನಲ್ಲಿ 'ಇಲ್ಲಂ ತೇಡಿ ಕಲ್ವಿ' ಶುರುಮಾಡಿತು. ಮನೆ ಹುಡುಕಿಕೊಂಡು ಬರೋ ಕಲಿಕೆ ಅಂತ ಅರ್ಥ. ಶಾಲೆ ಬಿಟ್ಟ ಮೇಲೆ ಒಂದು ಒಂದೂವರೆ ಗಂಟೆ, ಮಕ್ಕಳ ಬೀದಿಯಲ್ಲೇ. ಅದರಲ್ಲೂ ಒಂದು ಕೊಕ್ಕೆ ಇದೆ. ಪಾಠ ಹೇಳಿದವರಿಗೆ ತಿಂಗಳಿಗೆ ಸಾವಿರ ರೂಪಾಯಿ. ಅಲ್ಲೂ ಅದೇ ಗೌರವ! ಮನೆಯಲ್ಲಿ ಕೂತ ಓದಿದ ಹೆಣ್ಣುಮಕ್ಕಳ ಶ್ರಮವನ್ನು ಸೇವೆ ಅಂತ ಕರೆದು ಅಗ್ಗಕ್ಕೆ ಕೊಂಡರು. ನಾವು ಕೇಳುವಾಗ ಆ ಯೋಜನೆಯನ್ನು ಕೇಳೋಣ, ಆ ಕೂಲಿಯನ್ನು ಕೇಳೋದು ಬೇಡ.

ದುಡ್ಡೆಲ್ಲಿ ಅಂತಾರೆ. ದುಡ್ಡು ನಮ್ಮ ಹೆಸರಿನಲ್ಲೇ ಇದೆ ಕಣ್ರಪ್ಪ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ 2013ರಲ್ಲಿ ಬಂತು. ನಮ್ಮ ಜನಸಂಖ್ಯೆ ನೂರಕ್ಕೆ 24.1, ಆ ಪಾಲಿನಷ್ಟು ಹಣ ನಮಗೆ ಅಂತ ಕಾನೂನು. 2023-24ರಲ್ಲಿ ಅದು 34 ಸಾವಿರ ಕೋಟಿ ದಾಟಿತ್ತು. ಅದರಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಗ್ಯಾರಂಟಿಯ ಬಸ್ಸಿನಲ್ಲಿ ನಮ್ಮ ಅವ್ವಂದಿರೂ ಹತ್ತುತ್ತಾರೆ, ಅಕ್ಕಿಯ ದುಡ್ಡು ನಮ್ಮ ಮನೆಗೂ ಬರುತ್ತಿತ್ತು, ಅದಕ್ಕೆ ನಾನು ಕಲ್ಲು ಹಾಕೋದಿಲ್ಲ. ಆದರೆ ಎಲ್ಲರಿಗೂ ಕೊಡೋದನ್ನು ಎಲ್ಲರ ಖಜಾನೆಯಿಂದ ಕೊಡಬೇಕು. ಊರಿನವನ ಪಾಲಿನ ಬಸ್ ಚಾರ್ಜು ಊರಿನ ಲೆಕ್ಕದಲ್ಲಿ, ಕೇರಿಯವಳ ಬಸ್ ಚಾರ್ಜು ಕೇರಿಯ ಮಕ್ಕಳ ಲೆಕ್ಕದಲ್ಲಿ, ಇದು ಯಾವ ಸಮಾಜವಾದ? ಇದೇ ಕಾಯ್ದೆಯೊಳಗೆ 7ಡಿ ಅಂತ ಒಂದು ಕಳ್ಳಗಿಂಡಿ ಇತ್ತು, ರಸ್ತೆ ಸೇತುವೆಗೆಲ್ಲ ನಮ್ಮ ದುಡ್ಡು ಹಾಕಿ ನಿಮಗೂ ಉಪಯೋಗ ಆಯಿತಲ್ಲ ಅನ್ನೋಕೆ. ಹೋರಾಟ ಮಾಡಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ಗಿಂಡಿ ಮುಚ್ಚಿದ ವರ್ಷವೇ ಬಾಗಿಲಿನಿಂದ ತಗೊಂಡು ಹೋದರು.

ಇನ್ನೊಂದು ಆಕ್ಷೇಪ ನಮ್ಮವರಿಂದಲೇ ಬರುತ್ತದೆ. ಅದು ಹಗುರವಾದ ಆಕ್ಷೇಪ ಅಲ್ಲ. "ಕೇರಿಯಲ್ಲಿ ಪ್ರತ್ಯೇಕ ಕೇಂದ್ರ ಮಾಡಿದರೆ ಅದು ಮತ್ತೆ ಪಂಚಮರ ಶಾಲೆ ಆಗಲ್ವ? ಸಾರ್ವಜನಿಕ ಶಾಲೆಯೊಳಗೆ ಕಾಲಿಡೋಕೆ ನಮ್ಮ ಅಜ್ಜಂದಿರು ಪಟ್ಟ ಪಾಡು ಏನಾಯ್ತು?" ಒಬ್ಬ ಹಿರಿಯರು ಸಭೆಯಲ್ಲಿ ನನ್ನನ್ನು ಹೀಗೆ ಕೇಳಿದರು, ನಾನು ಆವತ್ತು ಉತ್ತರ ಕೊಡದೆ ಕೂತೆ. ಆಮೇಲೆ ಯೋಚಿಸಿದೆ. ಕೇರಿಯಲ್ಲಿ ಇರಲಿ ಅಂದರೆ ಕೇರಿಗೆ ಮಾತ್ರ ಇರಲಿ ಅಂತ ಅರ್ಥ ಅಲ್ಲ. ಬೋರ್ಡಿನ ಮೇಲೆ ಎಲ್ಲ ಮಕ್ಕಳಿಗೂ ಅಂತಲೇ ಬರೆಸೋಣ. ಡೇರಿ, ಸೊಸೈಟಿ, ಪಂಚಾಯ್ತಿ, ಅಂಚೆ, ಗುಡಿ ಎಲ್ಲ ಊರೊಳಗೆ ಇಟ್ಟು ಎಲ್ಲರಿಗೂ ಸೇರಿದ್ದು ಅನ್ನುತ್ತಾರಲ್ಲ, ಒಂದು ಒಳ್ಳೇ ಕಟ್ಟಡವನ್ನು ಕೇರಿಯಲ್ಲಿಟ್ಟು ಎಲ್ಲರಿಗೂ ಸೇರಿದ್ದು ಅನ್ನೋಣ. ಕಂಪ್ಯೂಟರ್ ಅಲ್ಲಿದ್ದರೆ, ಚೆಸ್ ಅಲ್ಲಿದ್ದರೆ, ಅಬಾಕಸ್ ಪುಕ್ಕಟೆ ಅಲ್ಲಿದ್ದರೆ ಸ್ಕೂಟರ್ ಹತ್ತಿದ ಆ ಹುಡುಗನೂ ಬರುತ್ತಾನೋ ಇಲ್ಲವೋ ನೋಡೋಣ. ಐನೂರು ಹೆಜ್ಜೆ ಒಂದು ಸಲ ಅವರು ನಡೆಯಲಿ. ನಮ್ಮ ಮಕ್ಕಳು ಜಗಲಿ ಮೇಲೆ ಕೂತು "ಎತ್ತ ಹೊಂಟೆ?" ಅಂತ ಕೇಳೋದಿಲ್ಲ. ಬಾ ಅಂತಾರೆ.

ದಲಿತ ಪ್ಯಾಂಥರ್ಸ್ ಹೆಸರು ನಿಮಗೆಲ್ಲ ಗೊತ್ತು, 1972, ಮುಂಬಯಿ. ಅವರು ಆ ಹೆಸರು ತಗೊಂಡಿದ್ದು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ಸಿನಿಂದ. ಆ ಕಪ್ಪು ಚಿರತೆಗಳ ಕೈಲಿದ್ದ ಬಂದೂಕಿನ ಫೋಟೋ ಎಲ್ಲರೂ ನೋಡಿದ್ದಾರೆ. 1969ರಲ್ಲಿ ಓಕ್ಲೆಂಡಿನಲ್ಲಿ ಅದೇ ಕೈ ಬಡ ಮಕ್ಕಳಿಗೆ ಬೆಳಗಿನ ತಿಂಡಿ ಬಡಿಸಿತು, ಆಮೇಲೆ ಶಾಲೆಯನ್ನೂ ನಡೆಸಿತು, ಆ ಫೋಟೋ ಯಾರ ಗೋಡೆ ಮೇಲೂ ಇಲ್ಲ. ಸರ್ಕಾರ ನಡುಗಿದ್ದು ಬರೀ ಬಂದೂಕಿಗಲ್ಲ, ತಿಂಡಿಗೂ ನಡುಗಿತು.

ಕೊನೆಗೆ ನಿಮ್ಮ ವಿಷಯ. ಸಿಟ್ಟಾಗಬೇಡಿ.

ನಾನಿದ್ದ ಹಾಸ್ಟೆಲ್ ಯಾವುದು ಅಂತ ಇಲ್ಲಿ ಬರೆಯೋದಿಲ್ಲ. ಅಲ್ಲಿ ಸಂಜೆ ಪಾಠ ಹೇಳೋಕೆ ಒಬ್ಬರನ್ನು ನೇಮಿಸಿದ್ದರು. ಅವರು ಬರೋರು, ಸೋಮವಾರ ಬಂದು ಶನಿವಾರದ ತನಕ ಸಹಿ ಹಾಕಿ ಹೋಗೋರು. ನನಗೆ ಬೀಜಗಣಿತ ಹೇಳಿಕೊಟ್ಟವನು ಪಿಯುಸಿ ಓದುತ್ತಿದ್ದ ಒಬ್ಬ ಅಣ್ಣ. ಕೋಣೆಯಲ್ಲಿ ಬಲ್ಬಿರಲಿಲ್ಲ, ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ. ಅವನಿಗೆ ಯಾರೂ ಒಂದು ಪೈಸೆ ಕೊಡಲಿಲ್ಲ, ನಾನೂ ಒಂದು ದಿನ ಟೀ ಕುಡಿಸಲಿಲ್ಲ. ಈಗ ನಾನು ನಿಮ್ಮನ್ನು ಕೇಳುತ್ತಿರೋದು ಆ ಅಣ್ಣನಂತೆ ತ್ಯಾಗ ಮಾಡಿ ಅಂತ ಅಲ್ಲ. ತ್ಯಾಗ ಮಾಡಿ ಮಾಡಿ ನಮ್ಮ ಬೆನ್ನು ಬಾಗಿದೆ. ಆ ಅಣ್ಣ ಮಾಡಿದ್ದು ಒಂದು ಉದ್ಯೋಗ, ಅದಕ್ಕೆ ಹುದ್ದೆ ಬೇಕು, ಸಂಬಳ ಬೇಕು. ಡಿಗ್ರಿ ಮುಗಿಸಿ ಊರಿಗೆ ಬಂದು ಕಟ್ಟೆ ಮೇಲೆ ಕೂತ ಹುಡುಗ ಹುಡುಗಿಯರು ಪ್ರತಿ ಕೇರಿಯಲ್ಲೂ ಇದ್ದಾರೆ. ಅವರಿಗೆ ಕೆಲಸ, ಮಕ್ಕಳಿಗೆ ಸಂಜೆ. ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಇದು.

ಆದರೆ ನಿಮ್ಮಲ್ಲಿ ಎಷ್ಟು ಜನ ರಜೆಗೆ ಊರಿಗೆ ಹೋದಾಗ ಪಂಚಾಯ್ತಿ ಗ್ರಂಥಾಲಯದ ಬಾಗಿಲು ತಳ್ಳಿ ನೋಡಿದ್ದೀರಿ? ಹಾಸ್ಟೆಲ್ಲಿನ ಸಾಂಬಾರು ನೀರು ಅಂತ ಧರಣಿ ಕೂರುತ್ತೀರಿ, ಕೂರಲೇಬೇಕು. ಕೇರಿಯ ತಂಗಿ ಐನೂರು ಹೆಜ್ಜೆ ನಡೆಯಲಾಗದೆ ವಾಪಸ್ ಬಂದಳಲ್ಲ, ಅದಕ್ಕೆ ಒಂದು ಅರ್ಜಿ ಬರೆದಿದ್ದೀರಾ?

ಮುಂದಿನ ಸಭೆಗೆ ಬರಿಗೈಲಿ ಬರಬೇಡಿ. ನಿಮ್ಮ ಊರಿನ ಅರಿವು ಕೇಂದ್ರ ಎಲ್ಲಿದೆ, ಕೇರಿಯಿಂದ ಎಷ್ಟು ಹೆಜ್ಜೆ, ನಡುವೆ ಎಷ್ಟು ಜಗಲಿ, ಎಷ್ಟು ಹೊತ್ತಿಗೆ ತೆರೆಯುತ್ತೆ ಎಷ್ಟು ಹೊತ್ತಿಗೆ ಮುಚ್ಚುತ್ತೆ, ಬೀಗದ ಕೈ ಯಾರ ಮನೇಲಿ, ಕಳೆದ ತಿಂಗಳು ಕೇರಿಯ ಎಷ್ಟು ಮಕ್ಕಳು ಒಳಗೆ ಹೋದರು, ಹೆಣ್ಣುಮಕ್ಕಳು ಎಷ್ಟು. ನೋಟ್ ಪುಸ್ತಕದ ಒಂದು ಹಾಳೆ ಸಾಕು. ಹೆಜ್ಜೆಯನ್ನು ಅಂದಾಜಿನಲ್ಲಿ ಬರೆಯಬೇಡಿ, ಎಣಿಸಿ. ಜೊತೆಗೆ ಒಂದು ಮಗುವನ್ನು ಕರ್ಕೊಂಡು ಹೋಗಿ ಎಣಿಸಿ, ಅದರ ಹೆಜ್ಜೆ ನಿಮ್ಮದಕ್ಕಿಂತ ಚಿಕ್ಕದು.